ವಾರಕ್ಕೆ ಎರಡು ಗಂಟೆಯ ವಿಜ್ಞಾನ ಶಿಕ್ಷಕ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲಗಳ ಗುಡ್ಡಗಳು ಜರಿದು ಮನೆ-ತೋಟಗಳನ್ನು ಕೊಚ್ಚಿಕೊಂಡು ಹೋದಾಗ ಕೊಡಗಿನ ಪ್ರಾಥಮಿಕ ಶಾಲೆಗಳಲ್ಲಿ ಓದುತ್ತಿದ್ದ ಅನೇಕ ಮಕ್ಕಳು ಇದೀಗ ಹೈಸ್ಕೂಲನ್ನು ದಾಟಿ ಹೋಗಿದ್ದಾರೆ. ಆ ಮಳೆಗೆ ಒಂದು ತಿಂಗಳ ಮೊದಲು ಜಿಲ್ಲೆಯಲ್ಲಿ ನೆಲ ನಡುಗಿತ್ತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. 2022ರ ಜೂನ್‌ನಲ್ಲಿ ಸಂಪಾಜೆಯ ಸುತ್ತಮುತ್ತ ಭೂಮಿ ಮತ್ತೆ ಮತ್ತೆ ಕಂಪಿಸಿತು. ಇಷ್ಟನ್ನೂ ಕಣ್ಣಾರೆ ಕಂಡ ಈ ಮಕ್ಕಳಿಗೆ, ಗುಡ್ಡ ಏಕೆ ಕುಸಿಯುತ್ತದೆ ಎಂಬುದನ್ನು ಮೂರು ವರ್ಷಗಳ ಹೈಸ್ಕೂಲು ವಿಜ್ಞಾನ ಕಲಿಸಿದೆಯೇ? ಬಹುಪಾಲು ಮಕ್ಕಳ ಉತ್ತರ ಇಲ್ಲ ಎಂದೇ ಇದ್ದೀತು.

ಇದು ಪಠ್ಯಪುಸ್ತಕದ ತಪ್ಪೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಸರಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನವನ್ನು ಇಬ್ಬರು ಹಂಚಿಕೊಳ್ಳಬೇಕು: ಗಣಿತದೊಂದಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದ ಪಿಸಿಎಂ ಶಿಕ್ಷಕರು ಮತ್ತು ಜೀವಶಾಸ್ತ್ರ ಕಲಿತ ಸಿಬಿಝಡ್ ಶಿಕ್ಷಕರು. ಇವರಲ್ಲಿ ಒಬ್ಬರ ಹುದ್ದೆ ಖಾಲಿಯಾದರೆ ಅತಿಥಿ ಶಿಕ್ಷಕರನ್ನು ಕಾಯಬೇಕು. ಬಂದವರು ಗೌರವಧನಕ್ಕಾಗಿ ತಿಂಗಳುಗಟ್ಟಲೆ ಕಾದು, ಶೈಕ್ಷಣಿಕ ವರ್ಷ ಮುಗಿದೊಡನೆ ಮನೆಗೆ ಮರಳಬೇಕು. ಹೀಗಿದ್ದೂ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕೊಡಗು ಹಿಂದೆ ಬಿದ್ದಿಲ್ಲ. 2024ರಲ್ಲಿ ಅದು ರಾಜ್ಯದ ಮೊದಲ ಐದು ಜಿಲ್ಲೆಗಳಲ್ಲಿ ಒಂದಾಗಿತ್ತು. ಅಂಕ ಬರುತ್ತಿದೆ. ಆದ್ದರಿಂದಲೇ ಕೊರತೆ ಯಾರ ಕಣ್ಣಿಗೂ ಬೀಳುತ್ತಿಲ್ಲ.

'ನಮ್ಮ ಮಕ್ಕಳಿಗೆ ಟ್ಯೂಷನ್ ಇದೆಯಲ್ಲ' ಎನ್ನುವ ಹೆತ್ತವರಿದ್ದಾರೆ. ಟ್ಯೂಷನ್ನಿನ ಬಗ್ಗೆ ನಮಗೆ ಆಕ್ಷೇಪವಿಲ್ಲ. ಆದರೆ ಶಾಲೆಯಲ್ಲಿ ಬರೆಸಿದ ಉತ್ತರವನ್ನು ಸಂಜೆ ಮತ್ತೊಮ್ಮೆ ಬರೆಸುವುದಕ್ಕೂ ಮಗುವಿನ ಕೈಗೆ ವಸ್ತುವನ್ನು ಕೊಟ್ಟು ಪ್ರಶ್ನೆ ಕೇಳಿಸುವುದಕ್ಕೂ ಬಹಳ ಅಂತರವಿದೆ. ಹದಿಮೂರರಿಂದ ಹದಿನಾರರ ವಯಸ್ಸಿನವರಿಗೆ ಬೇಕಾಗಿರುವುದು ಈ ಎರಡನೆಯದು. ಒಂದು ತಗಡಿನ ತಟ್ಟೆಯಲ್ಲಿ ತೋಟದ ಮಣ್ಣನ್ನು ಇಳಿಜಾರಾಗಿ ಒತ್ತಿ, ಮೇಲಿನಿಂದ ನೀರು ಚಿಮುಕಿಸಲಿ. ಇಳಿಜಾರು ಬಹಳ ಹೊತ್ತು ತಡೆಯುತ್ತದೆ. ಬಳಿಕ ರಸ್ತೆಗೋ ಮನೆಗೋ ಜಾಗ ಮಾಡುವಂತೆ ಬುಡವನ್ನು ನೇರವಾಗಿ ಕತ್ತರಿಸಿ ಅಷ್ಟೇ ನೀರು ಹಾಕಲಿ. ಏನಾಗುತ್ತದೆಂದು ಮಕ್ಕಳೇ ನೋಡಲಿ. 2018ರ ದುರಂತವನ್ನು ಪರಿಶೀಲಿಸಿದ ಭೂವಿಜ್ಞಾನಿಗಳು ಅತಿವೃಷ್ಟಿಯ ಜೊತೆಗೆ ಬೊಟ್ಟು ಮಾಡಿದ್ದು ಇಂಥ ಅವೈಜ್ಞಾನಿಕ ಇಳಿಜಾರು ಕಡಿತದತ್ತಲೇ. ನಾಳೆ ಇದೇ ಮಕ್ಕಳು ಮನೆ ಕಟ್ಟುವಾಗ ಜೆಸಿಬಿಯನ್ನು ಎಲ್ಲಿ ನಿಲ್ಲಿಸಬೇಕೆಂದು ನಿರ್ಧರಿಸುವವರು.

ಆಮ್ಲ-ಪ್ರತ್ಯಾಮ್ಲದ ಪಾಠಕ್ಕೆ ಪ್ರಯೋಗಾಲಯವಿಲ್ಲವೆಂದು ಕೊರಗಬೇಕಾಗಿಲ್ಲ. ಅರಿಸಿನ ಹಚ್ಚಿದ ಕಾಗದಕ್ಕೆ ಸಾಬೂನು ನೀರು ತಾಗಿದರೆ ಕೆಂಪಾಗುತ್ತದೆ. ಅದರ ಮೇಲೆ ನಮ್ಮ ಅಡುಗೆಮನೆಯ ಕಾಚಂಪುಳಿಯ ಒಂದು ಹನಿ ಬಿದ್ದರೆ ಮತ್ತೆ ಹಳದಿಗೆ ತಿರುಗುತ್ತದೆ. ಕಾಫಿ ತೋಟಕ್ಕೆ ಸುಣ್ಣ ಹಾಕುವುದೇಕೆಂಬ ಪ್ರಶ್ನೆಯನ್ನು ಆಗ ಮಕ್ಕಳೇ ಕೇಳುತ್ತಾರೆ, ಅದರಲ್ಲೂ ಸಿದ್ದಾಪುರದ ಲೈನ್ ಮನೆಗಳ ಮಕ್ಕಳು.

ರಾಜ್ಯದಲ್ಲಿ ಇಂಥ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ್ದು 1962ರಲ್ಲಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರಲ್ಲಿ ಹುಟ್ಟಿತು. ಅಗಸ್ತ್ಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯಗಳು ಹಳ್ಳಿ ಶಾಲೆಗಳಿಗೆ ಹೋಗಿವೆ. ಬೆಂಗಳೂರಿನ ನೆಹರೂ ತಾರಾಲಯ ಶಾಲಾ ಮಕ್ಕಳಿಗಾಗಿ ವಾರಾಂತ್ಯದ ವಿಜ್ಞಾನ ತರಗತಿಗಳನ್ನು ನಡೆಸಿದೆ. ಆದರೆ ನಾಪೋಕ್ಲಿನ ಮಗುವಿಗೆ ಬೆಂಗಳೂರು ಇನ್ನೂರೈವತ್ತು ಕಿಲೋಮೀಟರಿಗೂ ದೂರ. ವ್ಯಾನು ಬಂದು ಹೋದ ಮರುದಿನ ಹುಟ್ಟುವ ಪ್ರಶ್ನೆಗೆ ಉತ್ತರಿಸಲು ಊರಲ್ಲೇ ಒಬ್ಬರು ಬೇಕು.

ಇನ್ನು ನಮ್ಮ ಮಾತಿಗೆ ಬರೋಣ. ಸಮಾರಂಭಗಳ ವೇದಿಕೆಯಲ್ಲಿ ಇಬ್ನುಲ್ ಹೈಸಮ್, ಅಲ್ ಬಿರೂನಿಯರ ಹೆಸರು ಹೇಳಿ ಎದೆಯುಬ್ಬಿಸುವುದು ನಮಗೆ ರೂಢಿಯಾಗಿದೆ. ಅಲ್ ಬಿರೂನಿ ಇಂದಿನ ಪಾಕಿಸ್ತಾನದ ನಂದನ ಕೋಟೆಯ ಬಳಿಯ ಬೆಟ್ಟದಿಂದ ದಿಗಂತದ ಬಾಗನ್ನು ಅಳೆದು ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದನೆಂದು ಭಾಷಣ ಮಾಡಿದವರು, ಒಂದು ಕೋನಮಾಪಕ ಹಿಡಿದು ಮಕ್ಕಳನ್ನು ಮಡಿಕೇರಿಯ ರಾಜಾಸೀಟಿಗೆ ಕರೆದೊಯ್ದದ್ದುಂಟೇ? ಅಲ್ಲಿ ಆ ಅಳತೆ ಸಾಧ್ಯವಾಗದು, ಎದುರಿನ ಬೆಟ್ಟಸಾಲು ದಿಗಂತವನ್ನು ಮರೆಮಾಡುತ್ತದೆ. ಏಕೆ ಸಾಧ್ಯವಿಲ್ಲವೆಂದು ಮಗು ಕಂಡುಕೊಂಡರೆ ಅದೇ ದೊಡ್ಡ ಪಾಠ.

ಮದ್ರಸದಲ್ಲಿ ಅಸರ್‌ನ ವೇಳೆಯನ್ನು ನೆರಳಿನಿಂದ ಕಲಿತವರು ನಾವು. ಶಾಫಿಈ ಪ್ರಕಾರ ನೆರಳು ವಸ್ತುವಿನಷ್ಟು ಬೆಳೆದಾಗ, ಹನಫಿ ಪ್ರಕಾರ ಅದರ ಎರಡರಷ್ಟಾದಾಗ, ನಡುಹಗಲಿನ ನೆರಳನ್ನು ಬಿಟ್ಟು. ಈ ಸಾಲುಗಳನ್ನು ಬರೆಯುತ್ತಿರುವವನು ಇದನ್ನು ಕಂಠಪಾಠ ಮಾಡಿದ್ದನೇ ಹೊರತು ಅಂಗಳದಲ್ಲಿ ಕೋಲು ನೆಟ್ಟು ನೋಡಿರಲಿಲ್ಲ. ಹತ್ತನೇ ತರಗತಿಯ ತ್ರಿಕೋನಮಿತಿಯೂ ಇದೂ ಒಂದೇ ಎಂದು ಹೇಳಿಕೊಟ್ಟವರಿರಲಿಲ್ಲ. ಮೇ 28ರ ಸುಮಾರಿಗೆ ಭಾರತೀಯ ಸಮಯ ಮಧ್ಯಾಹ್ನ 2.48ಕ್ಕೆ ಸೂರ್ಯ ಕಅಬಾದ ನೆತ್ತಿಯ ಮೇಲಿರುತ್ತಾನೆ. ಆ ಕ್ಷಣ ವಿರಾಜಪೇಟೆಯಲ್ಲಿ ನೆಟ್ಟ ಕೋಲಿನ ನೆರಳಿಗೆ ನೇರ ವಿರುದ್ಧ ದಿಕ್ಕೇ ಕಿಬ್ಲಾ. ಮೊಬೈಲಿನ ದಿಕ್ಸೂಚಿಯ ಬಗ್ಗೆ ವಾದಿಸುವ ಹುಡುಗರು ಇದನ್ನೊಮ್ಮೆ ಪರೀಕ್ಷಿಸಿ ನೋಡಬಾರದೇ?

ಕಲಿಸುವವರು ಯಾರು ಎಂಬುದೇ ನಿಜವಾದ ತೊಡಕು. ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ, ಪ್ರಮಾಣಪತ್ರವನ್ನು ಕಪಾಟಿನಲ್ಲಿಟ್ಟು ಕುಳಿತ ಹೆಣ್ಣುಮಕ್ಕಳು ಕುಶಾಲನಗರದಿಂದ ಸುಂಟಿಕೊಪ್ಪದವರೆಗೆ ಎಷ್ಟೋ ಮೊಹಲ್ಲಾಗಳಲ್ಲಿದ್ದಾರೆ. ಇಡೀ ದಿನದ ಕೆಲಸಕ್ಕೆ ಮನೆ ಒಪ್ಪದಿರಬಹುದು. ಶನಿವಾರ ಮಧ್ಯಾಹ್ನದ ಎರಡು ಗಂಟೆಗೆ ಒಪ್ಪದಿರಲು ಕಾರಣವಿಲ್ಲ. ಜೀವಶಾಸ್ತ್ರದ ಸಂತಾನೋತ್ಪತ್ತಿಯ ಪಾಠವನ್ನು 'ಮನೆಯಲ್ಲಿ ಓದಿಕೊಳ್ಳಿ' ಎಂದು ಹಾರಿಸುವ ತರಗತಿಗಳಿಂದ ಬರುವ ಹುಡುಗಿಯರಿಗೆ, ಆ ಪಾಠವನ್ನು ಸಂಕೋಚವಿಲ್ಲದೆ ವಿವರಿಸುವ ಒಬ್ಬ ಸಹೋದರಿ ಸಿಗುವುದು ಸಣ್ಣ ಸಂಗತಿಯಲ್ಲ.

ಆದರೆ ಇಲ್ಲಿ ನಮ್ಮ ಜಮಾಅತ್ ಕಮಿಟಿಗಳಿಗೆ ಒಂದು ಮಾತನ್ನು ನಿಷ್ಠುರವಾಗಿ ಹೇಳಲೇಬೇಕು. ಧ್ವನಿವರ್ಧಕದವನಿಗೆ, ಶಾಮಿಯಾನದವನಿಗೆ ಚೌಕಾಶಿಯಿಲ್ಲದೆ ಹಣ ಕೊಡುವ ನಾವು, ಕಲಿಸಲು ಬಂದವರ ಮುಂದೆ ಮಾತ್ರ 'ಸೇವೆ' ಎಂಬ ಪದವನ್ನು ಇಡುತ್ತೇವೆ. ಬಿಟ್ಟಿಯಾಗಿ ಬಂದವರು ಮೂರು ವಾರ ಬಂದು ನಾಲ್ಕನೆಯ ವಾರ ತಪ್ಪಿಸಿದರೆ ಅವರನ್ನು ದೂರುವ ಹಕ್ಕು ನಮಗೆಲ್ಲಿದೆ? ಅರೆಕಾಲಿಕ ಶಿಕ್ಷಕಿಗೂ ಒಪ್ಪಿದ ದಿನದಂದು ಒಪ್ಪಿದ ಸಂಬಳ ಸಿಗಬೇಕು. ಅವರು ಕೇಳುವ ತಗಡಿನ ತಟ್ಟೆ, ಮಸೂರ, ಉಷ್ಣಮಾಪಕಗಳನ್ನು ವಾದಿಸದೆ ತಂದುಕೊಡಬೇಕು. ನೆರೆಮನೆಯ ಕೊಡವ, ಗೌಡ, ದಲಿತ ಮಕ್ಕಳಿಗೂ ಬಾಗಿಲು ತೆರೆದಿರಲಿ. ಗುಡ್ಡ ಜಾತಿ ನೋಡಿ ಕುಸಿದಿಲ್ಲ.

ಆರಂಭಕ್ಕೆ ಬೇಸಿಗೆ ರಜೆಯೇ ಸೂಕ್ತ. ಏಪ್ರಿಲ್ 23ರ ಆಸುಪಾಸಿನಲ್ಲಿ ಸೂರ್ಯ ಮಡಿಕೇರಿಯ ನೆತ್ತಿಯ ಮೇಲೆ ಹಾದುಹೋಗುತ್ತಾನೆ; ನಡುಹಗಲು ಹನ್ನೆರಡೂವರೆಗೆ ಕೆಲವು ನಿಮಿಷ ಮುನ್ನ ನೆಟ್ಟಗೆ ನಿಂತ ಕೋಲಿನ ನೆರಳು ಕಾಣೆಯಾಗುತ್ತದೆ. ಆಗಸ್ಟ್‌ನಲ್ಲಿ ಇದು ಮತ್ತೊಮ್ಮೆ ನಡೆಯುತ್ತದಾದರೂ ಕೊಡಗಿನ ಆಗಸ್ಟ್‌ನಲ್ಲಿ ಸೂರ್ಯನನ್ನು ಹುಡುಕುವುದು ಕಷ್ಟ. ಕಮಿಟಿಗಳು ಮಾರ್ಚ್ ತಿಂಗಳಲ್ಲೇ ಸಭೆ ಕರೆದು ಶಿಕ್ಷಕಿಯನ್ನು ಗೊತ್ತುಮಾಡಿದರೆ, ಮೊದಲ ತರಗತಿಯನ್ನು ಮದ್ರಸದ ಅಂಗಳದಲ್ಲೇ ನಡೆಸಬಹುದು.