ನೆರೆ ಇಳಿದ ಮೇಲೆ ನೆರೆಯವರು

2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಭಾರೀ ಪ್ರಮಾಣದ ನೀರು ಹರಿದು ಬಂದಾಗ ಸುರಪುರ ತಾಲೂಕಿನ ನೀಲಕಂಠರಾಯನಗಡ್ಡಿ ಹೊರಜಗತ್ತಿನ ಸಂಪರ್ಕವನ್ನೇ ಕಳೆದುಕೊಂಡಿತ್ತು. ಮರುವರ್ಷ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಯಾದಗಿರಿ ಭಾಗದ ನದಿತೀರದ ಹಳ್ಳಿಗಳು ನಲುಗಿದವು. ಇಂತಹ ದಿನಗಳಲ್ಲಿ ನಮ್ಮ ಕಡೆಯ ಜನರ ಮನಸ್ಸು ದೊಡ್ಡದು. ಮನೆಮನೆಯಿಂದ ಜೋಳದ ರೊಟ್ಟಿ ಕಟ್ಟಿ ಕಳುಹಿಸುತ್ತಾರೆ. ಆ ರೊಟ್ಟಿ ಯಾವ ಓಣಿಯದೆಂದು ಹಸಿದವನು ಕೇಳುವುದಿಲ್ಲ, ಕೊಟ್ಟವರೂ ಹೇಳುವುದಿಲ್ಲ.

ಆದರೆ ನೆರೆ ಇಳಿದ ಮೇಲೆ?

ಪವಿತ್ರ ಕುರ್‌ಆನಿನ 107ನೇ ಅಧ್ಯಾಯ ಅಲ್ ಮಾಊನ್. ಕೇವಲ ಏಳು ವಚನಗಳು. ಅನಾಥನನ್ನು ದೂರ ತಳ್ಳುವವನ ಬಗ್ಗೆ, ತೋರಿಕೆಗಾಗಿ ನಮಾಝ್ ಮಾಡಿ ನೆರೆಯವರಿಗೆ ಸಣ್ಣ ಉಪಕಾರವನ್ನೂ ನಿರಾಕರಿಸುವವರ ಬಗ್ಗೆ ಅದು ಎಚ್ಚರಿಸುತ್ತದೆ. ‘ಮಾಊನ್’ ಎಂಬ ಪದಕ್ಕೆ ವ್ಯಾಖ್ಯಾನಕಾರರು ಕೊಡಲಿ, ಪಾತ್ರೆ, ಬಾವಿಯ ಬಕೆಟ್ಟಿನಂಥ ವಸ್ತುಗಳನ್ನು ಉದಾಹರಿಸಿದ್ದಾರೆ. ಎಷ್ಟು ಸಣ್ಣ ವಸ್ತುಗಳು!

ನಮ್ಮ ಜಿಲ್ಲೆಯಲ್ಲಿ ಇಂದಿನ ‘ಮಾಊನ್’ ಬಹುಶಃ ಒಂದು ಪೆನ್ನು. 2011ರ ಜನಗಣತಿಯ ಪ್ರಕಾರ ಯಾದಗಿರಿಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಅತ್ಯಂತ ಕಡಿಮೆ. ಮಹಿಳೆಯರಲ್ಲಿ ಅದು ಶೇ. 41ರ ಆಸುಪಾಸು. ವಿಧವಾ ವೇತನದ ಅರ್ಜಿ, ಪಡಿತರ ಚೀಟಿಯ ತಿದ್ದುಪಡಿ, ಬ್ಯಾಂಕಿನಿಂದ ಬಂದ ನೋಟಿಸು ಎಲ್ಲವೂ ಓದಬಲ್ಲವರಿಗಾಗಿಯೇ ಮಾಡಿದಂತಿವೆ. ನೆರೆಮನೆಯವನು ಓದಿ ಹೇಳದಿದ್ದರೆ ಕಚೇರಿಯ ಹೊರಗೆ ನಿಂತ ದಲ್ಲಾಳಿ ಓದಿ ಹೇಳುತ್ತಾನೆ. ಒಂದು ದಿನದ ಕೂಲಿ ಅವನ ಪಾಲಾಗುತ್ತದೆ.

ಇನ್ನೊಂದು ಸಂಗತಿ ಗುಳೆ. ಶಹಾಪುರ, ಸುರಪುರ, ಯಾದಗಿರಿಯ ಹಳ್ಳಿಗಳಿಂದ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಊರಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಆ ಮಗು ಇಂದು ಶಾಲೆಗೆ ಹೋಯಿತೇ, ಆ ಅಜ್ಜನಿಗೆ ಮಾತ್ರೆ ಸಿಕ್ಕಿತೇ ಎಂದು ಕೇಳಲು ಸಂಘ ಕಟ್ಟಬೇಕಿಲ್ಲ, ರಸೀದಿ ಪುಸ್ತಕ ಬೇಕಿಲ್ಲ. ಪಕ್ಕದ ಬಾಗಿಲು ತಟ್ಟಿದರೆ ಸಾಕು.

ಇದೆಲ್ಲ ಸರಕಾರದ ಹೊಣೆಯಲ್ಲವೇ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಸ್ವಯಂಸೇವಕರು ಗಡ್ಡಿಗೆ ಅನ್ನ ಮುಟ್ಟಿಸಬಹುದು, ನದಿಗೆ ಸೇತುವೆ ಕಟ್ಟಲಾರರು. ಆದರೆ ಸೇತುವೆ ಬೇಕೆಂಬ ಮನವಿಯನ್ನು ಯಾರೋ ಒಬ್ಬರು ಬರೆಯಬೇಕು, ಹತ್ತು ಸಲ ಕಚೇರಿಗೆ ಅಲೆಯಬೇಕು. ಅದೂ ಸೇವೆಯೇ. ದುರದೃಷ್ಟವಶಾತ್ ಅದರ ಫೋಟೋ ಚೆನ್ನಾಗಿ ಬರುವುದಿಲ್ಲ.

ಫೋಟೋದ ಮಾತು ಸುಮ್ಮನೆ ಹೇಳಿದ್ದಲ್ಲ. ಒಂದು ಕಂಬಳಿಯನ್ನು ಎಂಟು ಜನ ಹಿಡಿದು ನಿಂತಾಗ ಪಡೆಯುವ ಅಜ್ಜಿ ತಲೆ ತಗ್ಗಿಸಿರುವುದನ್ನು ಗಮನಿಸಿದ್ದೀರಾ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ದಾನ ಮಾಡುವವನ ಹಿರಿಮೆಯನ್ನು ಪ್ರವಾದಿವರ್ಯರು(ಸ) ಹೇಳಿದ್ದರು. ನಾವು ಇಡೀ ತಾಲೂಕಿಗೆ ತಿಳಿಸುತ್ತೇವೆ.

ಪ್ರತಿ ಮಸೀದಿಯ ಜಮಾಅತ್ ಇಷ್ಟು ಮಾಡಲಿ: ಶುಕ್ರವಾರ ಜುಮಾ ಮುಗಿದ ಮೇಲೆ ಓದುಬರಹ ಬಲ್ಲ ಇಬ್ಬರು ಯುವಕರು ಹೊರಜಗಲಿಯಲ್ಲಿ ಒಂದು ಗಂಟೆ ಕುಳಿತಿರಲಿ. ಬರುವವರ ಜಾತಿ, ಧರ್ಮ ಕೇಳುವುದು ಬೇಡ. ಹಣ ಮುಟ್ಟುವುದು ಬೇಡ, ಯಾರ ಆಧಾರ್ ಕಾರ್ಡನ್ನೂ ಇಟ್ಟುಕೊಳ್ಳುವುದು ಬೇಡ, ಒಟಿಪಿ ಕೇಳುವುದಂತೂ ಬೇಡವೇ ಬೇಡ. ಮೊದಲ ವಾರ ಯಾರೂ ಬರಲಿಕ್ಕಿಲ್ಲ. ಎರಡನೇ ವಾರವೂ ಕುಳಿತಿರಲಿ.