ಗೀಚೋದು ಅನಬ್ಯಾಡ್ರಿ

ಹೋದ ಶುಕ್ರವಾರ ನಮ್ಮ ಮನ್ಯಾಗ ಅರಿಷಿಣ-ಕುಂಕುಮ ಇತ್ತಲ್ಲ, ನೀವು ಭಾಳ ಮಂದಿ ಬಂದಿದ್ರಿ. ನನ್ನ ಮಗಳು ಪಡಸಾಲಿ ಮೂಲ್ಯಾಗ ಕೂತು ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳ್ಯಾಗ ಹಲ್ಲಿ ಚಿತ್ರಾ ತಗೀಲಿಕ್ಕತ್ತಿದ್ಲು. ಎದುರಿಗೆ ಗ್ವಾಡಿ ಮ್ಯಾಲೆ ಹಲ್ಲೀನೂ ಇತ್ತು. ನಿಮ್ಮೊಳಗ ಒಬ್ಬರು ಬಗ್ಗಿ ನೋಡಿ, "ಏನವಾ, ಹಲ್ಲಿ ಗೀಚಿದ್ರ ಹೊಟ್ಟಿ ತುಂಬತದೇನ? ಪರೀಕ್ಷಾ ಬಂತಲ್ಲ" ಅಂದ್ರು. ಅವರ ಮ್ಯಾಲೆ ನಂಗ ಸಿಟ್ಟಿಲ್ಲ. ಸಿಟ್ಟು ನನ್ನ ಮ್ಯಾಲೇ ಅದ. ಯಾಕಂದ್ರ ನಾನೂ ನಕ್ಕೋತ, "ಹೂಂ ನೋಡ್ರಿ ಮೌಶಿ, ನಾನೂ ದಿನಾ ಅದನ್ನ ಬಡಕೋತೀನಿ" ಅಂದೆ. ಹುಡುಗಿ ನೋಟ್‌ಬುಕ್ ಮುಚ್ಚಿ ಸುಮ್ಮನ ಒಳಗ ಹೋತು. ಅವತ್ತಿಂದ ಇವತ್ತಿನ ತನಕ ಒಂದು ಗೆರಿ ಎಳದಿಲ್ಲ.

ಹಿಂಗಾಗಿ ಈ ವಾರ ಉಪ್ಪಿನಕಾಯಿ, ಮಸಾಲಿಪುಡಿ ಏನೂ ಬರ್ಯಂಗಿಲ್ಲ. ಜಗಳಾ ಬರೀತೀನಿ. ಮದಲ ನನ್ನ ಕೂಡ, ಆಮ್ಯಾಲೆ ನಿಮ್ಮ ಕೂಡ.

ಸಣ್ಣ ಹುಡುಗರ ಪ್ಲೇಟು, ಕಪ್ಪು, ಅಂಗಿ ಮ್ಯಾಲೆ ನೀಲಿ ಕೋಟು ಹಾಕ್ಕೊಂಡ ಒಂದು ಮೊಲ ನೋಡೀರಿಲ್ಲ? ಅದರ ಹೆಸರು ಪೀಟರ್. ಅದನ್ನ ಬರದು, ಚಿತ್ರಾನೂ ತಗದಾಕಿ ಬಿಯಾಟ್ರಿಕ್ಸ್ ಪಾಟರ್. 1866ರಾಗ ಲಂಡನ್ನಿನ ಶ್ರೀಮಂತರ ಮನ್ಯಾಗ ಹುಟ್ಟಿದಾಕಿ. ಆಕಿ ತಮ್ಮನ್ನ ಸಾಲಿಗೆ ಕಳಿಸಿದ್ರು, ಆಕಿಗೆ ಮಾತ್ರ ಮನ್ಯಾಗ ಪಾಠ. ಓಣಿ ಹುಡುಗರ ಕೂಡ ಆಟ ಇಲ್ಲ. ಹಂಗಾಗಿ ಅಕ್ಕ-ತಮ್ಮ ಕೂಡಿ ಮಾಳಿಗಿ ಮ್ಯಾಲಿನ ಖೋಲ್ಯಾಗ ಮೊಲ, ಇಲಿ, ಕಪ್ಪಿ, ಬಾವಲಿ, ಮುಳ್ಳಹಂದಿ, ಹಲ್ಲಿ ಎಲ್ಲಾ ಸಾಕಿದ್ರು. ಸತ್ತವನ್ನೂ ಬಿಡ್ಲಿಲ್ಲ, ಎಲುಬು ತಗದು ನೋಡಿ ಅದರದೂ ಚಿತ್ರಾ ತಗದ್ರು. ಆ ಕೋಟು ಹಾಕ್ಕೊಂಡ ಮೊಲ ಇವತ್ತಿಗೂ ಖರೇ ಮೊಲದ ಹಂಗ ಕಾಣತದಲ್ಲ, ಯಾಕಂತೀರಿ? ಕೋಟಿನ ಒಳಗಿನ ಎಲುಬು ಆಕಿಗೆ ಗೊತ್ತಿತ್ತು.

ನನ್ನ ಮದಲನೇ ಮಾತು ಇದು. ಚಿತ್ರಾ ತಗಿಯೋದು ಅಂದ್ರ ನೋಡೋದು. ನಾವು ದಿನಾ ಹಲ್ಲಿ ಓಡಸತೀವಿ, ಅದರ ಕಾಲಿಗೆ ಎಷ್ಟು ಬೆರಳು ಅವ ಅಂತ ಕೇಳಿದ್ರ ಹೇಳಲಿಕ್ಕೆ ಬರಂಗಿಲ್ಲ. ನನ್ನ ಮಗಳಿಗೆ ಬರತದ, ಎಣಿಸಿ ತಗದಾಳ. ಪಾಟರ್ ಹಿಂಗ ಅಣಬಿ ನೋಡ್ಲಿಕ್ಕೆ ಕೂತಾಕಿ, ನೂರಾರು ಚಿತ್ರಾ ತಗದ್ಲು. ಅಣಬಿಯೊಳಗಿನ ಪುಡಿ ಹೆಂಗ ಮೊಳಕಿ ಒಡೀತದ ಅಂತ ತಾನ ಬೆಳಸಿ, ಸೂಕ್ಷ್ಮದರ್ಶಕದಾಗ ನೋಡಿ ಒಂದು ಪ್ರಬಂಧ ಬರದ್ಲು. 1897ರಾಗ ಅದು ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ಹೋತು. ಆದ್ರ ಆ ಸಭಾಕ್ಕ ಹೆಣ್ಣಮಕ್ಕಳು ಹೋಗೂ ಹಂಗಿರಲಿಲ್ಲ. ಆಕಿ ಪ್ರಬಂಧಾನ ಬ್ಯಾರೆ ಒಬ್ಬ ಗಂಡಸು ಮುಂದಿಟ್ಟ. ಆಕಿಗೆ ಅನ್ಯಾಯ ಆಗಿತ್ತು ಅಂತ ಆ ಸಂಸ್ಥಾದವರು ಒಪ್ಪಿಕೊಳ್ಳಲಿಕ್ಕೆ ನೂರು ವರ್ಷ ಬೇಕಾತು. ಆಕಿ ಸತ್ತ ಮ್ಯಾಲೆ ಆ ಅಣಬಿ ಚಿತ್ರದಾಗ ಒಂದಿಷ್ಟನ್ನ ಅಣಬಿ ಗುರುತಿಸೋ ಪುಸ್ತಕದಾಗ ಹಾಕಿದ್ರು. ಹೇಳ್ರಿ, ಇದು ಗೀಚೋದೇನ?

ಎರಡನೇ ಮಾತು. ಮಕ್ಕಳ ಪುಸ್ತಕಾ ಅಂದ್ರ ಹೊತ್ತು ಹೋಗಲಾರದಾಕಿ ಮಾಡೋ ಆಟ ಅಂತ ತಿಳಕೊಂಡೀರಿ. ಕೇಳ್ರಿ. 1893ರಾಗ ತನ್ನ ಹಳೇ ಟೀಚರ್ ಮಗಾ ಆರಾಮಿಲ್ಲದ ಮಲಗಿದ್ದ ಅಂತ ಆ ಕೂಸಿಗೆ ಚಿತ್ರಾ ಹಾಕಿ ಮೊಲದ ಕಥಿ ಪತ್ರದಾಗ ಬರದು ಕಳಿಸಿದ್ಲು. ವರ್ಷಗಟ್ಟಲೆ ಆದ ಮ್ಯಾಲೆ ಆ ಪತ್ರಾ ಎರವಲು ತಂದು ಪುಸ್ತಕಾ ಮಾಡಿದ್ಲು. ಪ್ರಕಾಶಕರು ಒಬ್ಬರಾದ ಮ್ಯಾಲೆ ಒಬ್ಬರು ಬ್ಯಾಡ ಅಂದ್ರು. ಆಕಿ ಅಳಕೋತ ಕೂಡಲಿಲ್ಲ, 1901ರ ಡಿಸೆಂಬರ್‌ದಾಗ ತನ್ನ ರೊಕ್ಕದ್ಲೆ 250 ಪ್ರತಿ ಅಚ್ಚು ಹಾಕಿಸಿದ್ಲು. ಪುಸ್ತಕಾ ಸಣ್ಣದಿರಬೇಕು, ಸಣ್ಣ ಕೈಯಾಗ ಹಿಡಸಬೇಕು. ಒಂದು ಪುಟಕ್ಕ ಕೆಲವೇ ಸಾಲು, ಎದುರಿಗೆ ಒಂದು ಚಿತ್ರಾ. ಬೆಲಿ ಕಡಿಮಿ ಇರಬೇಕು. ಹಿಂಗ ಒಂದೊಂದೂ ಆಕೀನ ವಿಚಾರ ಮಾಡಿದ್ದು. ಮುಂದಿನ ವರ್ಷ ವಾರ್ನ್ ಕಂಪನಿಯವರು ಅದನ್ನ ಬಣ್ಣದ ಚಿತ್ರದ್ಲೆ ತಂದ್ರು, ಮದಲನೇ 8,000 ಪ್ರತಿ ಅಂಗಡಿಗೆ ಬರೂದ್ರಾಗ ಖರ್ಚಾದ್ವು. ಅಮೆರಿಕಾದಾಗ ಹಕ್ಕು ನೋಂದಾಯಿಸಲಿಲ್ಲ ಅಂತ ಅಲ್ಲಿ ಮಂದಿ ಕದ್ದು ಅಚ್ಚು ಹಾಕಿದ್ರು. ಆದ್ರ ಮೊಲದ ಗೊಂಬಿ ತಾನ ಹೊಲದು, 1903ರಾಗ ಪೇಟೆಂಟ್ ಮಾಡಿಸಿ ಇಟ್ಲು. ಇಂಥಾಕಿಗೆ ಹೊತ್ತು ಹೋಗಲಾರದ್ದಕ್ಕ ಬರದ್ಲು ಅಂತೀರೇನ?

ಮೂರನೇದು ನನ್ನ ಹೊಟ್ಟಿಗೆ ಹತ್ತಿದ ಮಾತು. ಇಷ್ಟೆಲ್ಲಾ ಮಾಡಿದಾಕಿ, ಪುಸ್ತಕದ ಮ್ಯಾಲೆ ಹೆಸರು ಬಂದಾಕಿ, ಮನ್ಯಾಗ ಮಾತ್ರ ಇನ್ನೂ ಮಗಳಾಗೇ ಇದ್ಲು. ಅವ್ವಗ ಆರಾಮಿಲ್ಲ ಅಂದ್ರ ಆಕೀನ ಬೇಕು, ಆಳು-ಕಾಳು ನೋಡ್ಲಿಕ್ಕೂ ಆಕೀನ ಬೇಕು. 1905ರಾಗ, 39ನೇ ವಯಸ್ಸಿಗೆ, ತನ್ನ ಪ್ರಕಾಶಕ ನಾರ್ಮನ್ ವಾರ್ನ್‌ನ ಮದುವಿ ಆಗತೀನಿ ಅಂದಾಗ ಅಪ್ಪ-ಅವ್ವ ಒಪ್ಪಲಿಲ್ಲ. ಅಂವ ವ್ಯಾಪಾರದವ, ನಮ್ಮ ಅಂತಸ್ತಿಗೆ ಆಗಂಗಿಲ್ಲ ಅಂತ. ಅವರ ಮನಿ ರೊಕ್ಕಾನೂ ಹಿರ್ಯಾರ ಹತ್ತಿ ವ್ಯಾಪಾರದಿಂದ ಬಂದಿದ್ದು! ಒಂದು ತಿಂಗಳದಾಗ ನಾರ್ಮನ್ ರಕ್ತದ ಕ್ಯಾನ್ಸರ್‌ದಿಂದ ಹೋಗಿಬಿಟ್ಟ. ಆಕಿ ಅದೇ ವರ್ಷ ಇಂಗ್ಲೆಂಡಿನ ಉತ್ತರಕ್ಕ, ಗುಡ್ಡಾ-ಕೆರಿ ಇರೋ ಲೇಕ್ ಡಿಸ್ಟ್ರಿಕ್ಟ್ ಸೀಮ್ಯಾಗ, ಹಿಲ್ ಟಾಪ್ ಅನ್ನೋ ಹೊಲ-ಮನಿ ತಗೊಂಡ್ಲು. ಪುಸ್ತಕದ ರೊಕ್ಕಾ ಮತ್ತ ಅತ್ಯಾ ಬಿಟ್ಟು ಹೋದ ರೊಕ್ಕದಾಗ. ಹೊಲಾ ತಗೊಂಡ್ರೂ ಅಲ್ಲಿ ಇರಲಿಕ್ಕೆ ಬಿಡ್ಲಿಲ್ಲ. ಅಪ್ಪ-ಅವ್ವನ್ನ ನೋಡಕೋತ, ನಡು-ನಡು ನಾಕು ದಿನಾ ಓಡಿಹೋಗಿ ಬರೂದು. ಇಂಥಾ ಕಸಗೊಂಡ ದಿನದಾಗೇ ಆಕಿ ಪುಸ್ತಕಾ ಬರದ್ಲು. 1913ರಾಗ, 47 ವರ್ಷದಾಕಿ ಆದ ಮ್ಯಾಲೆ, ವಿಲಿಯಂ ಹೀಲಿಸ್ ಅನ್ನೋ ವಕೀಲನ್ನ ಮದುವಿ ಆಗಿ ಕಡೀಕೂ ಅಲ್ಲೇ ನೆಲಸಿದ್ಲು. ಹರ್ಡ್‌ವಿಕ್ ಅನ್ನೋ ಆ ಸೀಮಿ ಕುರಿ ಸಾಕಿದ್ಲು, ಪ್ರದರ್ಶನದಾಗ ಬಹುಮಾನ ತಗೊಂಡ್ಲು.

ನಿಮ್ಮ ಉತ್ತರ ನಂಗ ಗೊತ್ತದ. "ಆಕಿ ಶ್ರೀಮಂತ್ರ ಮಗಳು, ಅಡಗಿ ಮಾಡ್ಲಿಕ್ಕೆ ಆಳಿದ್ರು, ಮಕ್ಕಳಿರಲಿಲ್ಲ." ಖರೇನ. ಆದ್ರ ಆಳಿದ್ದಾಕಿ ಹೊತ್ತನ್ನೂ ಮನಿ ಹಿಂಗ ತಿಂತು ಅಂದ್ರ ನಮ್ಮ-ನಿಮ್ಮ ಮನಿ ಹುಡುಗ್ಯಾರದು ಏನು ಕಥಿ? ಇನ್ನ ಮಕ್ಕಳಿಲ್ಲದಾಕಿ ಮಕ್ಕಳ ಪುಸ್ತಕಾ ಬರದ್ರ ಅದು ಆ ಕೊರಗಿಗೆ ಅಂತ ಅನ್ನೋದನ್ನ ಇವತ್ತ ಬಿಡ್ರಿ. ಗಂಡಸು ಬರದ್ರ ಯಾರೂ ಅವನ ಮಕ್ಕಳನ್ನ ಎಣಸಂಗಿಲ್ಲ.

"ಹಂಗಂದ್ರ ನಿನ್ನ ಮಗಳೂ ಹಂಗ ದೊಡ್ಡಾಕಿ ಆಗತಾಳೇನು?" ಅಂತೀರಿ. ನಂಗ ಗೊತ್ತಿಲ್ಲ, ಬೇಕಾಗೂ ಇಲ್ಲ. ರೊಕ್ಕಾ ಬಂದ್ರ ಕಲಾ, ಬರಲಿಲ್ಲಂದ್ರ ಗೀಚೋದು ಅನ್ನೋ ಲೆಕ್ಕಾನ ತಪ್ಪು. ನಾವೂ ದಿನಾ ಬೆಳಿಗ್ಗೆ ಬಾಗಲ ಮುಂದ ಚುಕ್ಕಿ ಎಣಿಸಿ ರಂಗೋಲಿ ಹಾಕತೀವಿ. ಸಂಜೀ ತನಕಾನೂ ಉಳಿಯಂಗಿಲ್ಲ. ಅದಕ್ಕ ಯಾರೂ ಹೊಟ್ಟಿ ತುಂಬತದೇನ ಅಂತ ಕೇಳಲಿಲ್ಲ, ಯಾಕಂದ್ರ ಅದು ಮನಿ ಸಲುವಾಗಿ ಹಾಕಿದ್ದು. ಹುಡುಗಿ ತನ್ನ ಸಲುವಾಗಿ ಒಂದು ಗೆರಿ ಎಳದ್ರ ಮಾತ್ರ ನಮಗ ಪರೀಕ್ಷಾ ನೆನಪಾಗತದ.

ಪಾಟರ್ 1943ರಾಗ ತೀರಿಕೊಂಡಾಗ 4,000 ಎಕರೆಕ್ಕಿಂತ ಹೆಚ್ಚು ಭೂಮಿ ನ್ಯಾಷನಲ್ ಟ್ರಸ್ಟಿಗೆ ಬಿಟ್ಟು ಹೋದ್ಲು, ಆ ಸೀಮಿ ಹಂಗೇ ಉಳೀಲಿ ಅಂತ. ಅದರ ಬುಡಾ ಹುಡುಕಿದ್ರ ಒಂದು ಮೊಲದ ಚಿತ್ರಾ ಸಿಗತದ.

ನಾನು ನಿನ್ನೆ ಪ್ಯಾಟಿಗೆ ಹೋಗಿ ಗೆರಿ ಇಲ್ಲದ ಒಂದು ನೋಟ್‌ಬುಕ್ ತಂದು ಮಗಳ ಮುಂದ ಇಟ್ಟು, "ಅವತ್ತ ನಂದು ತಪ್ಪಾತು" ಅಂದೆ. ಆಕಿ ಇನ್ನೂ ತಗದಿಲ್ಲ. ತಗೀತಾಳೋ ಇಲ್ಲೋ ನೋಡೂಣು. ನೀವು ಮುಂದಿನ ಸಲ ಬಂದಾಗ ಆಕಿ ಮೂಲ್ಯಾಗ ಕೂತು ಏನರ ತಗೀಲಿಕ್ಕತ್ತಿದ್ರ, ನಿಮ್ಮ ಪಾದಕ್ಕ ಬಿದ್ದು ಕೇಳತೀನಿ, ಪರೀಕ್ಷಾ ಸುದ್ದಿ ತಗೀಬ್ಯಾಡ್ರಿ. ಮಾತಾಡಲೇಬೇಕು ಅನ್ನಿಸಿದ್ರ, ಬಾಜೂಕ ಕೂತು ಹಲ್ಲಿಗೆ ಎಷ್ಟು ಬೆರಳು ಅಂತ ಕೇಳ್ರಿ.