ಓದಿದವರ ಊರು, ಓದಿಸಿದವರ ಊರು

ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯ್ಟಿನ ಪಂಪ ಕನ್ನಡ ಕೂಟ ಎರಡೂ 1970ರ ದಶಕದ ಆರಂಭದಲ್ಲಿ ಹುಟ್ಟಿದವು. 2002ರಲ್ಲಿ ಡೆಟ್ರಾಯ್ಟ್, 2008ರಲ್ಲಿ ಶಿಕಾಗೊ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ ಸಮ್ಮೇಳನವನ್ನೂ ನಡೆಸಿಕೊಟ್ಟವು. ಅರ್ಧ ಶತಮಾನದಲ್ಲಿ ಸಭಾಂಗಣ ಬದಲಾಗಿದೆ, ಊಟದ ಪಟ್ಟಿ ಬದಲಾಗಿದೆ. ಬದಲಾಗದ್ದು ಒಂದೇ ಮಾತು: 'ಈ ದೇಶದಲ್ಲೇ ಅತಿ ಹೆಚ್ಚು ಓದಿದವರು ನಾವು!'

ಊರುಗಳಿಗೂ ಈ ಚಟ ಇದೆ. ಓದಿದವರ ಊರುಗಳ ಪಟ್ಟಿ ಬಂದಾಗಲೆಲ್ಲ ಮಿಶಿಗನ್ ರಾಜ್ಯದ ಆನ್ ಆರ್ಬರ್ ಮೇಲ್ತುದಿಯಲ್ಲಿರುತ್ತದೆ. ಶಿಕಾಗೊ ಬದಿಯ ನೇಪರ್‌ವಿಲ್, ಎವನ್‌ಸ್ಟನ್‌ಗಳೂ ಮೀಸೆ ತಿರುವುತ್ತವೆ. ಆನ್ ಆರ್ಬರ್‌ನಲ್ಲಿ 25 ದಾಟಿದವರ ಪೈಕಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಪದವೀಧರರು. ಮುಕ್ಕಾಲು ಗಂಟೆ ಕಾರು ಓಡಿಸಿದರೆ ಸಿಗುವ ಡೆಟ್ರಾಯ್ಟ್ ನಗರದಲ್ಲಿ ಅದರ ಮೂರನೇ ಒಂದು ಪಾಲೂ ಇಲ್ಲ. ತಮಾಷೆಯೆಂದರೆ, ಮಿಶಿಗನ್ ವಿಶ್ವವಿದ್ಯಾಲಯ 1817ರಲ್ಲಿ ಶುರುವಾದದ್ದೇ ಡೆಟ್ರಾಯ್ಟಿನಲ್ಲಿ. 1837ರಲ್ಲಿ ಅದು ಆನ್ ಆರ್ಬರ್‌ಗೆ ಹೋಯಿತು. ಯಾರು ಬಂದು ನೆಲೆಸಿದರು, ಯಾರು ಬಿಟ್ಟು ಹೋದರು ಎಂಬ ಲೆಕ್ಕವನ್ನೇ ಊರಿನವರು ತಮ್ಮ ಬುದ್ಧಿವಂತಿಕೆಯ ಲೆಕ್ಕವೆಂದು ಓದಿಕೊಳ್ಳುತ್ತಾರೆ.

ನಮ್ಮದೂ ಅದೇ ಕಥೆ. 1965ರ ವಲಸೆ ಕಾಯ್ದೆ ವೈದ್ಯರಿಗೆ, ಎಂಜಿನಿಯರುಗಳಿಗೆ, ವಿಜ್ಞಾನಿಗಳಿಗೆ ಬಾಗಿಲು ತೆರೆಯಿತು. ರೈತನಿಗೋ ಬಡಗಿಗೋ ಅಷ್ಟು ಸುಲಭವಾಗಿ ತೆರೆಯಲಿಲ್ಲ. ಜರಡಿ ಹಿಡಿದದ್ದು ವಾಷಿಂಗ್ಟನ್. ಮೇಲುಳಿದ ಕಾಳು ತನ್ನ ಗಾತ್ರಕ್ಕೆ ತಾನೇ ಬೀಗುತ್ತಿದೆ. ಮೊದಲ ತಲೆಮಾರಿನ ಎಷ್ಟೋ ಮಂದಿ ಸರ್ಕಾರಿ ಕಾಲೇಜುಗಳಲ್ಲಿ ಪುಡಿಗಾಸು ಫೀಸು ಕಟ್ಟಿ ಓದಿದವರು. ಉಳಿದ ಖರ್ಚು ಹೊತ್ತ ಮೈಸೂರು ರಾಜ್ಯದಲ್ಲಿ, 1961ರ ಜನಗಣತಿಯ ಪ್ರಕಾರ, ನೂರರಲ್ಲಿ ಮೂವತ್ತು ಮಂದಿಗೂ ಅಕ್ಷರ ಬರುತ್ತಿರಲಿಲ್ಲ. ಹೆಬ್ಬೆಟ್ಟಿನವರ ದುಡ್ಡಿನಲ್ಲಿ ಡಾಕ್ಟರಾದೆವು ಎಂದು ವೇದಿಕೆಯಲ್ಲಿ ಹೇಳಿದವರು ಕಡಿಮೆ.

ಈ ಲೆಕ್ಕದೊಳಗೆ ಇನ್ನೊಂದು ವಿಚಿತ್ರವಿದೆ. ಗಂಡನ ಕೆಲಸದ ವೀಸಾಕ್ಕೆ ಅಂಟಿಕೊಂಡ ಎಚ್-4 ವೀಸಾದಲ್ಲಿ ಬಂದ ಹೆಂಡತಿಯ ಎಂ.ಟೆಕ್ ಪದವಿಯೂ ಅಂಕಿಅಂಶದಲ್ಲಿ ಸೇರಿಕೊಳ್ಳುತ್ತದೆ. ಆದರೆ 2015ರವರೆಗೆ ಆಕೆ ಕೆಲಸ ಮಾಡುವ ಹಾಗಿರಲಿಲ್ಲ. ಆಮೇಲೂ ಅನುಮತಿ ಸಿಕ್ಕಿದ್ದು ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರಿಗೆ ಮಾತ್ರ. ಡೆಟ್ರಾಯ್ಟ್ ಬದಿಯ ನೋವಿಯಲ್ಲೋ ಟ್ರಾಯ್‌ನಲ್ಲೋ ಅಪಾರ್ಟ್‌ಮೆಂಟಿನೊಳಗೆ ವರ್ಷಗಟ್ಟಲೆ ಸುಮ್ಮನೆ ಕೂತ ಆ ಪದವಿಗಳನ್ನೂ ಕೂಡಿಸಿಕೊಂಡೇ ನಾವು ಎದೆ ತಟ್ಟಿಕೊಂಡಿದ್ದು.

ನಮ್ಮ ಹೆಮ್ಮೆಯ ಪಟ್ಟಿಯಲ್ಲಿ ಮೊದಲು ಬರುವ ಹೆಸರು ಕವಿ, ಅನುವಾದಕ ಎ.ಕೆ. ರಾಮಾನುಜನ್. ಬರಲೇಬೇಕು. 1960ರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವವರೆಗೂ ಅವರು ಶಿಕಾಗೊ ವಿಶ್ವವಿದ್ಯಾಲಯದಲ್ಲಿದ್ದರು. ಆದರೆ ಆ ವಿದ್ವಾಂಸರು ವಚನಗಳ ಇಂಗ್ಲಿಷ್ ಅನುವಾದವಾದ 1973ರ 'ಸ್ಪೀಕಿಂಗ್ ಆಫ್ ಶಿವ'ದ ಮೂಲಕ ಜಗತ್ತಿಗೆ ತೋರಿಸಿದವರಲ್ಲಿ ನೇಕಾರ ದೇವರ ದಾಸಿಮಯ್ಯ ಇದ್ದಾನೆ. ಅವರು ದಶಕಗಟ್ಟಲೆ ಬೆನ್ನು ಹತ್ತಿದ್ದು ನಮ್ಮ ಅಜ್ಜಿಯರು ಅಡುಗೆಮನೆಯಲ್ಲಿ ಹೇಳುತ್ತಿದ್ದ ಕಥೆಗಳನ್ನು.

ಈಗಲೂ ಪ್ರತಿ ಬೇಸಿಗೆಯಲ್ಲಿ ಮಂಡ್ಯ, ಹಾಸನ, ಧಾರವಾಡಗಳಿಂದ ಅಪ್ಪ ಅಮ್ಮಂದಿರು ಆರು ತಿಂಗಳಿಗೆಂದು ಬರುತ್ತಾರೆ. ಪಾರ್ಕಿನ ಬೆಂಚಿನ ಮೇಲೆ ಕೂತು ಹೊತ್ತು ಕಳೆಯುತ್ತಾರೆ. ಮಕ್ಕಳನ್ನು ಓದಿಸಲು ಯಾವ ಹೊಲ ಮಾರಿದರು, ಯಾರ ಬಳಿ ಸಾಲ ತಂದರು, ಯಾವ ಮೇಷ್ಟ್ರು ಮನೆಗೆ ಬಂದು ಹೇಳಿ ಹೋದರು ಎಂಬುದನ್ನು ಎರಡೂ ಕೂಟಗಳು ಅವರ ಬಾಯಲ್ಲೇ ಕೇಳಿ ದಾಖಲಿಸಲಿ. ಅದಕ್ಕೆ ಒಂದು ಫೋನು, ವಾರಕ್ಕೊಂದು ಮಧ್ಯಾಹ್ನ ಸಾಕು. ಮುಂದಿನ ಸ್ಮರಣ ಸಂಚಿಕೆಯಲ್ಲಿ ಪದಾಧಿಕಾರಿಗಳ ಫೋಟೊಗಳನ್ನು ಹಿಂದಿನ ಪುಟಗಳಿಗೆ ಸರಿಸಿದರೆ ಜಾಗವೂ ಸಿಗುತ್ತದೆ.